ಪ್ಲಾಸ್ಮಾ ಸರಣಿ, ಭಾಗ 3: ಕ್ಲಾಸಲ್ಲಿ ನಾನು ಹೇಳಿದ್ದು ತಪ್ಪು

ಮೊದಲು ಒಂದು ತಪ್ಪೊಪ್ಪಿಗೆ 🙏

ಹೋದ ವಾರ ನನ್ನ ಸೆಮಿನಾರ್ ದಿನ ಹಿಂದಿನ ಬೆಂಚಿಂದ ಒಂದು ಪ್ರಶ್ನೆ ಬಂತು, ನೆನಪಿದೆಯಾ? "ಇಷ್ಟು ವರ್ಷ ಆದ್ರೂ ಫ್ಯೂಷನ್ ಕರೆಂಟ್ ಯಾಕೆ ಮನೆಗೆ ಬಂದಿಲ್ಲ?" ಎಲ್ರೂ ನಕ್ರಿ. ನಾನೂ ನಕ್ಕೆ. ಆಮೇಲೆ "ಅಷ್ಟು ಶಾಖ ಹುಟ್ಟಿಸೋಕೆ ಇನ್ನೂ ಆಗಿಲ್ಲ" ಅಂದುಬಿಟ್ಟೆ. ನೀವು ಬರ್ಕೊಂಡ್ರಿ, ನನಗೆ ಮಾರ್ಕ್ಸೂ ಬಂತು. ರಾತ್ರಿ ಓದ್ತಾ ಕೂತಾಗ ಗೊತ್ತಾಯ್ತು, ಉತ್ತರ ಪೂರ್ತಿ ತಪ್ಪು. ದಯವಿಟ್ಟು ನೋಟ್ಸಲ್ಲಿ ಹೊಡೆದುಹಾಕಿ.

ಸೂರ್ಯನ ಒಡಲು ಸುಮಾರು 1.5 ಕೋಟಿ ಡಿಗ್ರಿ. ಜಪಾನಿನ ಜೆಟಿ-60ಯು ಟೋಕಮ್ಯಾಕ್ 1996ರಲ್ಲೇ 50 ಕೋಟಿ ಡಿಗ್ರಿ ದಾಟಿತ್ತು! ಶಾಖ ಹುಟ್ಟಿಸೋದು ನಮಗೆ ಬರುತ್ತೆ. ಹಿಡಿದಿಟ್ಟುಕೊಳ್ಳೋದು ಕಷ್ಟ. ಸೂರ್ಯನಿಗೆ ಅವನ ಗುರುತ್ವವೇ ಪಾತ್ರೆ. ನಮಗೆ ಅಷ್ಟು ತೂಕ ಎಲ್ಲಿಂದ ಬರಬೇಕು? ಅದಕ್ಕೇ ಉದ್ದಿನ ವಡೆ ಆಕಾರದ ಕೋಣೆಯಲ್ಲಿ, ಪ್ಲಾಸ್ಮಾ ಗೋಡೆಗೆ ತಾಗದ ಹಾಗೆ ಕಾಂತಕ್ಷೇತ್ರದಿಂದ ಹಿಡಿದಿಡ್ತಾರೆ. ಅದೇ ಟೋಕಮ್ಯಾಕ್.

👉 ಈಗ ಅಸಲಿ ಕಥೆ.

1982ರ ಫೆಬ್ರುವರಿ. ಜರ್ಮನಿಯ ಮ್ಯೂನಿಕ್ ಹತ್ತಿರದ ಆಸ್ಡೆಕ್ಸ್ ಟೋಕಮ್ಯಾಕ್. ಆಗ ಎಲ್ಲ ಕಡೆ ಒಂದೇ ತಲೆನೋವು: ಹೆಚ್ಚು ಕಾಯಿಸಿದಷ್ಟೂ ಶಾಖ ಬೇಗ ಸೋರಿಹೋಗ್ತಿತ್ತು. ಆದರೆ ಫ್ರಿಟ್ಸ್ ವಾಗ್ನರ್ ಅಲ್ಲಿ ಕಂಡಿದ್ದೇ ಬೇರೆ. ಕಾಯಿಸೋ ಶಕ್ತಿ ಒಂದು ಮಿತಿ ದಾಟಿದ್ದೇ ತಡ, ಪ್ಲಾಸ್ಮಾ ತಾನಾಗಿಯೇ ಅಂಚಿನಲ್ಲಿ ಒಂದು ತಡೆ ಕಟ್ಟಿಕೊಂಡಿತು. ಶಾಖ ಸುಮಾರು ಎರಡು ಪಟ್ಟು ಹೊತ್ತು ಒಳಗೇ ಉಳೀತು. ಇದಕ್ಕೆ ಎಚ್-ಮೋಡ್ ಅಂತ ಹೆಸರು.

ಖುಷಿ ಪಡೋಣ ಅಂದ್ರೆ, ಜೊತೆಗೇ ಹೊಸ ಕಾಟ. ತಡೆ ಗಟ್ಟಿಯಾದಷ್ಟೂ ಅದರ ಹಿಂದೆ ಒತ್ತಡ ಏರುತ್ತೆ. ಒಂದು ಹಂತದಲ್ಲಿ ಅಂಚು ಉಬ್ಬಿ, ಒಡೆದು, ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತಲ್ಲಿ ಬಿಸಿ ಕಣಗಳನ್ನು ಹೊರಗೆ ಉಗಿಯುತ್ತೆ. ಮತ್ತೆ ಕಟ್ಟಿಕೊಳ್ಳುತ್ತೆ, ಮತ್ತೆ ಉಗಿಯುತ್ತೆ. ಮನೆ ಕುಕ್ಕರ್ ಸೀಟಿ ನೆನಪಾಯ್ತಾ? ಈ ಅಂಚಿನ ಅಸ್ಥಿರತೆಗೆ ಎಲ್ಮ್ ಅಂತಾರೆ.

ಚಿಕ್ಕ ಯಂತ್ರದ ಗೋಡೆ ಇದನ್ನು ತಡ್ಕೊಳ್ಳುತ್ತೆ. ಆದರೆ ಫ್ರಾನ್ಸಿನಲ್ಲಿ ಕಟ್ಟುತ್ತಿರುವ, ಭಾರತವೂ ಪಾಲುದಾರನಾಗಿರುವ ಇಟರ್‌ನಲ್ಲಿ ಹಾಗಲ್ಲ. ಅಲ್ಲಿ ದೊಡ್ಡ ಎಲ್ಮ್ ಬಂದರೆ ತಳದ ಟಂಗ್‌ಸ್ಟನ್ ಮೇಲ್ಮೈಯೇ ಕರಗಬಹುದು. ಟಂಗ್‌ಸ್ಟನ್ ಕರಗೋದು 3,422 ಡಿಗ್ರಿಗೆ, ಲೆಕ್ಕ ಹಾಕ್ಕೊಳ್ಳಿ 😶

ಉಪಾಯ? ಕಷ್ಟಪಟ್ಟು ಸಿಕ್ಕ ತಡೆಯನ್ನು ಬೇಕಂತಲೇ ಒಂಚೂರು ಸಡಿಲ ಮಾಡೋದು! ಅಮೆರಿಕದ ಡಿ-3-ಡಿ ಟೋಕಮ್ಯಾಕ್ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚುವರಿ ಸುರುಳಿಗಳಿಂದ ಅಂಚಿನ ಕಾಂತಕ್ಷೇತ್ರವನ್ನು ಸ್ವಲ್ಪ ಕಲಕಿ ದೊಡ್ಡ ಎಲ್ಮ್‌ಗಳನ್ನು ಅಡಗಿಸಿ ತೋರಿಸಿತು. ಇಟರ್ ಒಳಗೆ ಇದಕ್ಕೆಂದೇ 27 ಸುರುಳಿಗಳು ಬರಲಿವೆ.

ಹಿಂದಿನ ಬೆಂಚಿಗೆ ಈಗ ನನ್ನ ಸರಿ ಉತ್ತರ: ಬೆಂಕಿ ಇದೆ, ಪಾತ್ರೆಯೂ ಇದೆ. ಆದರೆ ಸೋರಲೂಬಾರದು, ಸಿಡಿಯಲೂಬಾರದು, ಅದೂ ಗಂಟೆಗಟ್ಟಲೆ. ಬಾಕಿ ತೊಡಕುಗಳೂ ಇವೆ, ಆದರೆ ಈ ಹದ ಸಿಗದೆ ಮುಂದೆ ದಾರಿಯಿಲ್ಲ.

ಮೇಡಂಗೂ ಹೇಳಿದ್ದೀನಿ. ಮಾರ್ಕ್ಸ್ ಕಟ್ ಆದ್ರೆ ಆಗ್ಲಿ. ಪ್ರಶ್ನೆ ಕೇಳಿದವನಿಗೆ ಮಾತ್ರ ಎಲ್ಲರ ಮುಂದೆ ಸಾರಿ. ಅವತ್ತು ಆ ರೂಮಲ್ಲಿ ಸರಿಯಾಗಿ ಯೋಚಿಸಿದ್ದು ನೀನೊಬ್ಬನೇ ಕಣೋ.

ಭಾಗ 4ರಲ್ಲಿ: ಇಡೀ ಪ್ಲಾಸ್ಮಾವೇ ಒಮ್ಮೆಲೇ ಕುಸಿದುಬಿದ್ದರೆ? ಡೌಟ್ ಇದ್ರೆ ಕೆಳಗೆ ಬರೀರಿ. ಈ ಸಲ ಯಾರೂ ನಗಲ್ಲ.

#ಪ್ಲಾಸ್ಮಾಸರಣಿ #ಟೋಕಮ್ಯಾಕ್ #ಕನ್ನಡದಲ್ಲಿವಿಜ್ಞಾನ