ಉತ್ತರ ಹೊರಟ ದಾರಿ

ಪುಣೆಯ ನಮ್ಮ ಕಚೇರಿಯ ಹಳೆಯ ಸೇವಾ ಪುಸ್ತಕಗಳೂ ಪಿಂಚಣಿ ಕಡತಗಳೂ ಈಗ ಕಬ್ಬಿಣದ ಬೀರುಗಳಲ್ಲಿಲ್ಲ. ಸ್ಕ್ಯಾನ್ ಆಗಿ, ಮೂಲೆಯ ಕೋಣೆಯ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆಯೊಂದನ್ನು ಸೇರಿವೆ. ಅದನ್ನು ನೋಡಿಕೊಳ್ಳುವ ಹೊಣೆ ನಮಗೆ ಬಂದುದು ತಾಂತ್ರಿಕ ಅರ್ಹತೆಯಿಂದಲ್ಲ, ಇಂಗ್ಲಿಷ್ ಎಂ.ಎ. ಮಾಡಿದವರು ಇಂಗ್ಲಿಷ್ ಕೈಪಿಡಿಯನ್ನೂ ಓದಿಯಾರು ಎಂಬ ಮೇಲಧಿಕಾರಿಗಳ ನಂಬಿಕೆಯಿಂದ.

ಪಿಂಚಣಿ ವಿಭಾಗವು ಪಕ್ಕದ ಕಟ್ಟಡಕ್ಕೆ ಹೋದ ವಾರವೇ ತೊಂದರೆ ಕಾಣಿಸಿತು. ನಮ್ಮ ಕಟ್ಟಡದಲ್ಲಿ ತೆರೆಯುತ್ತಿದ್ದ ಕಡತಗಳು ಅಲ್ಲಿ ತೆರೆಯಲೊಲ್ಲವು. ಕುಟುಂಬ ಪಿಂಚಣಿಗಾಗಿ ಸಾತಾರದಿಂದ ಬೆಳಗಿನ ಬಸ್ಸು ಹಿಡಿದು ಬಂದ ವೃದ್ಧೆಯೊಬ್ಬರು ಅಲ್ಲಿನ ಬೆಂಚಿನ ಮೇಲೆ ಕಾಯುತ್ತಿದ್ದರು. ನಾವು ಮೊದಲು ಕೇಬಲನ್ನು ಶಂಕಿಸಿದೆವು, ಬಳಿಕ ಪಾಸ್‌ವರ್ಡನ್ನು. ಕೊನೆಗೆ ತೆರೆದು ನೋಡಿದ್ದು ರೂಟಿಂಗ್ ಟೇಬಲನ್ನು.

ಅದು ಅಂಚೆ ವಿಂಗಡಣೆಯ ಖಾನೆಗಳಂತೆ. ಇಂಥ ಊರಿನ ಕಾಗದ ಇಂಥ ಚೀಲಕ್ಕೆ. ಯಾವ ಖಾನೆಗೂ ಸೇರದ್ದು ಕೊನೆಯದೊಂದು ಚೀಲಕ್ಕೆ. ಆ ಕೊನೆಯ ಚೀಲವೇ ಡಿಫಾಲ್ಟ್ ಗೇಟ್‌ವೇ; ಪಟ್ಟಿಯಲ್ಲಿ ಅದರ ನಮೂದು 0.0.0.0.

ನಮ್ಮ ಪೆಟ್ಟಿಗೆಗೆ ಎರಡು ಪೋರ್ಟುಗಳು. ಒಂದು 192.168.10ರಿಂದ ಆರಂಭವಾಗುವ ಸಿಬ್ಬಂದಿಯ ಜಾಲಕ್ಕೆ, ಇನ್ನೊಂದು ಬ್ಯಾಕಪ್ಪಿನ ಪ್ರತ್ಯೇಕ ಜಾಲಕ್ಕೆ. ಡಿಫಾಲ್ಟ್ ಗೇಟ್‌ವೇಯನ್ನು ಹಿಂದೆ ಯಾರೋ ಬ್ಯಾಕಪ್ ಕಡೆಗೆ ಇಟ್ಟಿದ್ದರು. ಎಲ್ಲರೂ ಒಂದೇ ಜಾಲದಲ್ಲಿದ್ದಾಗ ಗೇಟ್‌ವೇಯ ಅಗತ್ಯವೇ ಬೀಳಲಿಲ್ಲ. ಹೊಸ ಕಟ್ಟಡದ ಜಾಲ 192.168.20. ಅಲ್ಲಿಂದ ಕೋರಿಕೆ ನಡುವಿನ ರೂಟರ್ ದಾಟಿ ಸರಿಯಾಗಿಯೇ ಬರುತ್ತಿತ್ತು. ಆದರೆ ಕೋರಿಕೆ ಬಂದ ದಾರಿಯನ್ನು ಪೆಟ್ಟಿಗೆ ನೆನಪಿಡುವುದಿಲ್ಲ. ಉತ್ತರಿಸುವಾಗ ತನ್ನ ಪಟ್ಟಿಯನ್ನು ಮಾತ್ರ ನೋಡುತ್ತದೆ. ಪಟ್ಟಿಯಲ್ಲಿ 192.168.20 ಇರಲಿಲ್ಲ. ಉತ್ತರವು ಬ್ಯಾಕಪ್ ಬಾಗಿಲಿನಿಂದ ಹೊರಟಿತು. ಸಂಭಾಷಣೆಯ ಆರಂಭವನ್ನೇ ಕಾಣದ ಅಲ್ಲಿನ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಬಿಸಾಡಿತು. ನಾವು ಉತ್ತರಿಸುತ್ತಲೇ ಇದ್ದೆವು. ಅವರಿಗೆ ಮೌನವಷ್ಟೇ ಮುಟ್ಟುತ್ತಿತ್ತು.

ಪರಿಹಾರ ಒಂದೇ ಸಾಲು: 192.168.20.0, ಮಾಸ್ಕ್ 255.255.255.0, ಗೇಟ್‌ವೇ 192.168.10.1. ಡಿಫಾಲ್ಟ್ ನಮೂದಿಗಿಂತ ನಿರ್ದಿಷ್ಟ ನಮೂದಿಗೇ ಮನ್ನಣೆ. ಆ ಸಾಲು ಸೇರಿದ ಕೂಡಲೇ ಕಡತ ತೆರೆಯಿತು. ಅಂದು ಶುಕ್ರವಾರ, ಸಂಜೆ. ಸಹಿ ಹಾಕಬೇಕಾದ ಅಧಿಕಾರಿ ಹೊರಟುಹೋಗಿದ್ದರು. ಸೋಮವಾರ ಬಂದರೆ ಕೆಲಸ ಖಂಡಿತ ಆಗುತ್ತದೆಂದು ಆ ತಾಯಿಗೆ ಮಾತುಕೊಟ್ಟೆವು.

ಭಾನುವಾರ ವಿದ್ಯುತ್ ಹೋಯಿತು. ಯುಪಿಎಸ್ ಬರಿದಾಗಿ ಪೆಟ್ಟಿಗೆ ಆರಿತು, ಮತ್ತೆ ಹೊತ್ತಿಕೊಂಡಿತು. ಕಮಾಂಡ್ ಮೂಲಕ ಸೇರಿಸಿದ ಸಾಲು ಚಾಲ್ತಿಯ ಸ್ಮೃತಿಯಲ್ಲಷ್ಟೇ ಇರುತ್ತದೆ, ಉಳಿಸದಿದ್ದರೆ ಮರುಚಾಲನೆಯಲ್ಲಿ ಅಳಿಯುತ್ತದೆ ಎಂದು ಕೈಪಿಡಿಯಲ್ಲಿ ಇದ್ದೇ ಇತ್ತು. ಓದಲೆಂದು ನೇಮಕಗೊಂಡ ನಾವೇ ಅಷ್ಟು ದೂರ ಓದಿರಲಿಲ್ಲ. ಸೋಮವಾರ ಆಕೆ ಮಧ್ಯಾಹ್ನದವರೆಗೆ ಅದೇ ಬೆಂಚಿನ ಮೇಲೆ ಕುಳಿತರು. ಕ್ಷಮೆ ಕೇಳಿದಾಗ ಮರಾಠಿಯಲ್ಲಿ ಕೇಳಿದ್ದು ಇಷ್ಟೇ: ಕಡತ ಕಳೆದುಹೋಗಿಲ್ಲ ತಾನೆ?

ಕಳೆದಿರಲಿಲ್ಲ. ಸಾಲನ್ನು ಈ ಸಲ ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ ಶಾಶ್ವತವಾಗಿ ಉಳಿಸಿದೆವು. ಸಂಜೆ ಎಲ್ಲರೂ ಹೋದ ಮೇಲೆ ನಾವೇ ಪೆಟ್ಟಿಗೆಯನ್ನು ಆರಿಸಿ, ಹೊತ್ತಿಸಿ, ಸಾಲು ಇದೆಯೆಂದು ಖಚಿತಪಡಿಸಿಕೊಂಡೆವು. ಬಳಿಕ ರಿಜಿಸ್ಟರಿನಲ್ಲಿ ದಿನಾಂಕ ಹಾಕಿ, ಯಾವ ಸಾಲು, ಏಕೆ ಎಂದು ಬರೆದೆವು. ಡಿಫಾಲ್ಟ್ ಗೇಟ್‌ವೇ ಇಟ್ಟ ಪೂರ್ವಾಧಿಕಾರಿ ಏನನ್ನೂ ಬರೆದಿರಲಿಲ್ಲ. ವರ್ಗಾವಣೆಯ ಆದೇಶ ನಮಗೂ ಬಂದೇ ಬರುತ್ತದೆ. ಆಮೇಲೆ ಈ ಕುರ್ಚಿಗೆ ಬರುವವರು ಕೇಬಲಿನಿಂದ ಹುಡುಕಲು ಆರಂಭಿಸಬೇಕಾಗಿಲ್ಲ.