ಪಿ.ಬಿ.ಎಸ್. ದನಿ ಬಲಕ್ಕೆ ಸರಿದಿತ್ತು!

ಗ್ರಾಮಾಫೋನ್ ಕಾಲದಲ್ಲಿ ಇದು ಮಕ್ಕಳಿಗೂ ಗೊತ್ತಿತ್ತು: ಮುಳ್ಳು ಸವೆದರೆ ಹಾಡು ಕೆಟ್ಟಿತು. 1982ರಲ್ಲಿ ಜಪಾನಿನಲ್ಲಿ ಸಿ.ಡಿ. ಪ್ಲೇಯರ್ ಮಾರಾಟಕ್ಕೆ ಬಂತು ನೋಡಿ, ಇನ್ನು ಸವೆಯೋ ಮಾತೇ ಇಲ್ಲ, ತಟ್ಟೆಯನ್ನು ಮುಟ್ಟೋದು ಬರೀ ಬೆಳಕು ಅಂತ ಜನ ಹಿಗ್ಗಿದ್ದೇ ಹಿಗ್ಗಿದ್ದು. ನಿಜ, ತಟ್ಟೆ ಸವೆಯೋಲ್ಲ. ಆದರೆ ಹಿಂದುಗಡೆಯ ವೈರು? ಸ್ಪೀಕರಿನ ಅಂಚು? ಅವಕ್ಕೆ ವಯಸ್ಸಾಗೋಲ್ಲವೆ ಸ್ವಾಮೀ?

ನಮ್ಮಪ್ಪ ಟೂರಿಂಗ್ ಟಾಕೀಸಿನಲ್ಲಿ ಗೇಟು ಕಾದವರು. ದಿನಕ್ಕೆರಡು ಆಟ, ವಾರಗಟ್ಟಲೆ ಅದೇ ಹಾಡು ಕೇಳಿ ಪಳಗಿದ ಕಿವಿ. 1974ರ 'ಎರಡು ಕನಸು', ರಾಜನ್-ನಾಗೇಂದ್ರ ಸಂಗೀತ, ಅಣ್ಣಾವ್ರಿಗೆ ಪಿ.ಬಿ. ಶ್ರೀನಿವಾಸರ ಕಂಠ... ಅದನ್ನು ಕೇಳದೆ ಅಪ್ಪ ಮಲಗುವವರಲ್ಲ. ಹೋದ ವರ್ಷ ಒಂದು ರಾತ್ರಿ, "ಪಿ.ಬಿ.ಎಸ್. ಗಂಟಲು ಕಟ್ಟಿದೆ ಕಣೋ, ತಗ್ಗು ಸ್ವರಾನೇ ಇಲ್ಲ" ಅಂದರು. "ನಿಮ್ಮ ಕಿವಿಗೆ ಎಂಬತ್ತಾಯ್ತು" ಅಂತ ಮನೆಮಂದಿಯೆಲ್ಲ ನಕ್ಕರು. ಅವತ್ತಿನಿಂದ ಅಪ್ಪ ಹಾಡು ಹಾಕೋದನ್ನೇ ಬಿಟ್ಟರು. ರಿಪೇರಿಯವನಂತೂ ಮುಚ್ಚಳ ಬಿಚ್ಚದೆಯೇ, "ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ" ಅಂದ.

ನನಗೆ ಮಾತ್ರ ಅಪ್ಪನ ಕಿವಿಯ ಮೇಲೇ ನಂಬಿಕೆ.

ಆ ಕಾಲದ ನಮ್ಮ ಹಾಡುಗಳು ಬಹುಪಾಲು ಮಾನೋ. ಎರಡು ಸ್ಪೀಕರಿನಲ್ಲೂ ಒಂದೇ ಸದ್ದು. ನಡುವೆ ಕೂತರೆ ಗಾಯಕ ನೆಟ್ಟಗೆ ಎದುರಿಗೇ ನಿಂತು ಹಾಡಬೇಕು. ನಮ್ಮನೇಲಿ ಪಿ.ಬಿ.ಎಸ್. ಬಲಕ್ಕೆ ಸರಿದಿದ್ದರು! ಸ್ವಿಚ್ ಆರಿಸಿ, ಪ್ಲೇಯರ್ ಹಿಂದಿನ ಕೆಂಪು-ಬಿಳಿ ಪಿನ್ನುಗಳನ್ನು ಅದಲುಬದಲು ಮಾಡಿದೆ. ಪ್ಲೇಯರೇ ಕೆಟ್ಟಿದ್ದರೆ ಹಾಡು ಎಡಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಪ್ಲೇಯರ್ ನಿರಪರಾಧಿ! ಅವನ್ನು ಮೊದಲಿನಂತೆ ಸಿಕ್ಕಿಸಿ, ಆಂಪ್ಲಿಫೈಯರ್ ಕಡೆಯ ಪಿನ್ನು ಬದಲಿಸಿದೆ. ಹಾಡು ಎಡಕ್ಕೆ ಬಂತು. ಸಿಕ್ಕಿಬಿದ್ದ ಖಳನಾಯಕ: ವೈರು! ಪಿನ್ನಿಗೆ ಕಿಲುಬು, ಒಳಗೆ ಬೆಸುಗೆ ಬಿಟ್ಟಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನೂರೈವತ್ತು ರೂಪಾಯಿಗೆ ಹೊಸ ವೈರು ಸಿಕ್ಕಿತು. ಸಾವಿರಾರು ರೂಪಾಯಿಯ ಚಿನ್ನದ ಪಿನ್ನನ್ನೂ ತೋರಿಸಿದರು. ಚಿನ್ನಕ್ಕೆ ಕಿಲುಬು ಹಿಡಿಯೋಲ್ಲ, ಅಷ್ಟೇ. ಪಿ.ಬಿ.ಎಸ್.ಗೆ ಅದೇನು ಹೊಸ ಕಂಠ ಕೊಡುತ್ತದೆಯೆ?

ಗಾಯಕ ನಡುವಿಗೆ ಬಂದರು. ತಗ್ಗು ಸ್ವರ ಮಾತ್ರ ಬರಲಿಲ್ಲ. ಸ್ಪೀಕರಿನ ಬಟ್ಟೆ ತೆಗೆದೆ ನೋಡಿ... ಕೋನಿನ ಸುತ್ತ ಸ್ಪಂಜಿನ ಉಂಗುರವಿರುತ್ತಲ್ಲ, ಬೆರಳು ತಾಗಿದ್ದೇ ಹಪ್ಪಳದಂತೆ ಪುಡಿಯಾಯ್ತು. ಹದಿನೈದು-ಇಪ್ಪತ್ತು ವರ್ಷದಲ್ಲಿ ತೇವಕ್ಕೆ ಅದರ ಹಣೆಬರಹವೇ ಅಷ್ಟು. ಉಂಗುರ ಹರಿದರೆ ತಗ್ಗು ಸ್ವರ ಸೋರಿಹೋಗುತ್ತದೆ. ಹೊಸ ಉಂಗುರ ತಂದು ಅಂಟಿಸಿದೆ. ಅವಸರದ ಕೆಲಸವಲ್ಲ. ಕೋನು ಕೂದಲೆಳೆ ಓರೆಯಾದರೂ ಒಳಗಿನ ತಂತಿಸುರುಳಿ ಉಜ್ಜುತ್ತದೆ. ಅಂಟು ಹಿಡಿಯುವ ಮುಂಚೆ ಎರಡೂ ಕೈಯಿಂದ ಮೆತ್ತಗೆ ಒತ್ತಿ ನೋಡಬೇಕು, 'ಕರ್' ಅಂದರೆ ಸರಿಪಡಿಸಬೇಕು. ಒಂದು ರಾತ್ರಿ ಒಣಗಿಸಿದೆ.

ಮರುದಿನ ಹಾಡು ಹಾಕಿದಾಗ ಅಪ್ಪ ಅಡುಗೆಮನೆ ಬಾಗಿಲಲ್ಲೇ ನಿಂತರು. "ಬಂದ್ನಪ್ಪಾ" ಅಂದರು. ನಕ್ಕವರ ಕಡೆ ತಿರುಗಿಯೂ ನೋಡಲಿಲ್ಲ.

ಅಂದಹಾಗೆ, ನಿಮ್ಮ ಪ್ಲೇಯರಿನಲ್ಲಿ ಹಾಡು ಹಾರಿ ಹಾರಿ ಬರುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಮೊದಲು ತಟ್ಟೆ ಒರೆಸಿ, ನಡುವಿನಿಂದ ಅಂಚಿನ ಕಡೆಗೆ, ಸುತ್ತ ಉಜ್ಜಬೇಡಿ. ಆಗಲೂ ಸರಿಹೋಗದಿದ್ದರೆ ಲೆನ್ಸಿನ ಧೂಳು. ಮುಚ್ಚಳ ಬಿಚ್ಚುವ ಮುನ್ನ ಪ್ಲಗ್ ಕಿತ್ತುಬಿಡಿ. ಆ ಬೆಳಕು ಕಣ್ಣಿಗೆ ಕಾಣೋಲ್ಲ, ಆದರೆ ಕಣ್ಣು ಸುಡುತ್ತದೆ.