ಮೊಮ್ಮಗಳು ತೋರಿಸಿದ ಚಿತ್ರಮಾಲೆ

ಕಳೆದ ಬೇಸಿಗೆಯ ರಜೆಗೆ ನನ್ನ ಹತ್ತು ವರ್ಷದ ಮೊಮ್ಮಗಳು ಮೊದಲ ಬಾರಿಗೆ ಕೊಯಮತ್ತೂರಿನಿಂದ ಮಸಿನಗುಡಿಯ ನಮ್ಮ ಮನೆಗೆ ಬಂದಿದ್ದಳು. ಬಂದ ಎರಡನೆಯ ದಿನವೇ, "ತಾತ, ನೀವೂ ಒಂದು ಕಾರ್ಟೂನ್ ನೋಡಬೇಕು" ಎಂದು ಹಟ ಹಿಡಿದಳು. ಎಪ್ಪತ್ತು ದಾಟಿದವನಿಗೆ ಗೊಂಬೆಯಾಟವೇ ಎಂದು ನಕ್ಕೆನಾದರೂ ಮಗುವಿನ ಮನಸ್ಸು ನೋಯಿಸಲಾರದೆ ಕುಳಿತೆ. ಇಪ್ಪತ್ತಾರು ಕಂತುಗಳನ್ನೂ ನೋಡಿ ಮುಗಿಸಿದೆ. ಅಂಥದೇನಿತ್ತು ಅದರಲ್ಲಿ ಎಂಬುದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಅದರ ಹೆಸರು 'ರೋನ್ಯಾ, ದರೋಡೆಗಾರನ ಮಗಳು'. ಸ್ವೀಡನ್ನಿನ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ೧೯೮೧ರ ಮಕ್ಕಳ ಕಾದಂಬರಿ ಇದಕ್ಕೆ ಮೂಲ. ಜಪಾನಿನ ಗೋರೊ ಮಿಯಾಜಾಕಿ ನಿರ್ದೇಶಿಸಿ, ಪಾಲಿಗಾನ್ ಪಿಕ್ಚರ್ಸ್ ಸಂಸ್ಥೆಯವರು ಗಣಕಯಂತ್ರದಲ್ಲಿ ರೂಪಿಸಿದ ಈ ಮಾಲೆ ೨೦೧೪-೧೫ರಲ್ಲಿ ಆ ದೇಶದ ಎನ್.ಎಚ್.ಕೆ. ದೂರದರ್ಶನದಲ್ಲಿ ಪ್ರಸಾರವಾಯಿತು. ನಾವು ನೋಡಿದ್ದು ಇಂಗ್ಲಿಷ್ ಮಾತಿನ ಅವತರಣಿಕೆ. ಮೊಮ್ಮಗಳು ಅದನ್ನು ತನ್ನ ಅರೆಗನ್ನಡದಲ್ಲಿ ಅಜ್ಜಿಗೆ ವಿವರಿಸುತ್ತಿದ್ದಳು. ಹಕ್ಕಿಯ ಮೈ, ಹೆಣ್ಣಿನ ಮುಖದ ಕ್ರೂರ ಜೀವಿಗಳಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದಾಗ, "ಹದ್ದಮ್ಮ ಅನ್ನು, ಸಾಕು" ಎಂದಳು ನನ್ನ ಮನೆಯಾಕೆ. ಅಂದಿನಿಂದ ಅವು ಹದ್ದಮ್ಮಗಳೇ ಆದವು.

ನಮ್ಮ ತೊಗಲುಗೊಂಬೆಯನ್ನು ನೆನೆದರೆ ಇಂಥ ಚಿತ್ರದ ಗುಟ್ಟು ತಿಳಿಯುತ್ತದೆ. ಕೈಯಲ್ಲಿ ಬರೆಯುವ ಚಿತ್ರದಲ್ಲಿ ಪ್ರತಿ ಚಲನೆಗೂ ಹೊಸ ಹಾಳೆ ಬೇಕು. ಗಣಕದಲ್ಲಿ ಗೊಂಬೆಯನ್ನು ಒಮ್ಮೆ ಕಟ್ಟಿ ಆಮೇಲೆ ಕುಣಿಸುತ್ತಾರೆ. ಜೀವ ಬರುವುದು ಕುಣಿಸುವವನ ಕೈಗುಣದಿಂದ. ಇಲ್ಲಿಯೂ ಕೆಲವೆಡೆ ಪಾತ್ರಗಳ ನಡಿಗೆ ಬಿಗಿಯಾಗಿದೆ, ಮುಖ ಮರದಂತಿದೆ, ಅದನ್ನು ಮರೆಮಾಚಲಾರೆ. ಆದರೆ ಹಿನ್ನೆಲೆಯ ಕಾಡು, ಹೊಳೆ, ಹಿಮಗಳು ಕುಂಚದಿಂದ ಬರೆದಂತೆ ಕಣ್ತುಂಬುತ್ತವೆ.

ಕಥೆಗೆ ಅವಸರವಿಲ್ಲ. ಮೊದಲ ಬಾರಿ ಕಾಡಿಗೆ ಹೊರಟ ರೋನ್ಯಾಳಿಗೆ ತಂದೆ ಮಾಟಿಸ್ ಎಚ್ಚರಿಕೆಗಳ ಪಟ್ಟಿಯನ್ನೇ ಕೊಡುತ್ತಾನೆ: ದಾರಿ ತಪ್ಪಬೇಡ, ಹೊಳೆಗೆ ಬೀಳಬೇಡ, ಹದ್ದಮ್ಮಗಳಿಗೆ ಸಿಗಬೇಡ. ಮುದುಮಲೆಯ ಅಂಚಿನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ಮಾತು ಹೊಸತಲ್ಲ. ಆನೆಯ ಭಯದಿಂದ ಮುಸ್ಸಂಜೆಗೇ ಬಾಗಿಲು ಹಾಕುವವರು ನಾವು. ರೋನ್ಯಾ ಮಾತ್ರ ಹೊಳೆಯ ಬಳಿಯಲ್ಲೇ ಆಡಿ ಹೊಳೆಗೆ ಬೀಳದಿರುವುದನ್ನು ಕಲಿಯುತ್ತಾಳೆ. ಮಕ್ಕಳಿಗೆ ಭಯವನ್ನು ಹೀಗೆ ಪರಿಚಯಿಸುವ ಕೃತಿಗಳು ವಿರಳ.

ಅವಳು ಹುಟ್ಟಿದ ರಾತ್ರಿಯೇ ಸಿಡಿಲು ಬಡಿದು ಕೋಟೆ ಎರಡಾಗಿ ಸೀಳಿರುತ್ತದೆ. ಮುಂದೆ ಸೀಳಿನ ಆಚೆಗೆ ವೈರಿ ಬೋರ್ಕಾ ತನ್ನ ತಂಡದೊಡನೆ ಬಂದು ನೆಲೆಸುತ್ತಾನೆ. ಅವನ ಮಗ ಬಿರ್ಕ್ ರೋನ್ಯಾಳಿಗೆ ಗೆಳೆಯನಾಗುತ್ತಾನೆ. ಮಾಟಿಸ್ ಆ ಹುಡುಗನನ್ನು ಸೆರೆಹಿಡಿದಾಗ, ಮಗಳು ಕಂದರವನ್ನು ಹಾರಿ ತಾನೇ ವೈರಿಯ ಒತ್ತೆಯಾಳಾಗುತ್ತಾಳೆ. ಆಗ ತಂದೆ ತನಗೆ ಮಗುವೇ ಇಲ್ಲವೆಂದುಬಿಡುತ್ತಾನೆ.

ಮೊಮ್ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ನನ್ನ ಮನೆಯಾಕೆ ಎದ್ದು ಅಡಿಗೆಮನೆಗೆ ಹೋದಳು. ಹನ್ನೆರಡು ವರ್ಷಗಳ ಹಿಂದೆ, ನಮಗೆ ಒಪ್ಪಿಗೆಯಿಲ್ಲದ ಕಡೆ ಮಗಳು ಮದುವೆಯಾದಾಗ, ಇದೇ ಜಗಲಿಯಲ್ಲಿ ನಿಂತು ಅದೇ ಮಾತನ್ನು ನಾನೂ ಆಡಿದ್ದೆ. ಅದು ಮಗುವಿಗೆ ತಿಳಿಯದು. ಅವಳನ್ನು ಕರೆತಂದದ್ದೂ ಅಜ್ಜಿಯೇ. ನಾನು ಬೇಡವೆನ್ನಲಿಲ್ಲ, ಅಷ್ಟೆ.

ಈ ಮಾಲೆಯಲ್ಲಿ ಖಳನಿಲ್ಲ. ಮಾಟಿಸ್ ಮಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವನೇ. ಅಡ್ಡಬಂದದ್ದು ಅವನ ಹಟ. ಮಗಳು ಗೆಳೆಯನೊಡನೆ ಕಾಡಿನ ಗುಹೆಯಲ್ಲಿ ಬಾಳುತ್ತಿರುವಾಗ, ಕೊನೆಗೆ ಅವನೇ ನೀರಿನ ದಂಡೆಗೆ ಬಂದು ಕಾದು ಕುಳಿತು ಅಳುತ್ತಾನೆ. ಹಿರಿಯನೇ ಮೊದಲು ನಡೆದು ಬರಬೇಕೆಂಬುದನ್ನು ಉಪದೇಶದ ಒಂದು ಮಾತೂ ಇಲ್ಲದೆ ಕಥೆ ತೋರಿಸಿತು. ಅದ್ಭುತ ಜೀವಿಗಳೂ ಗಣಕದ ಚಮತ್ಕಾರವೂ ಸುತ್ತಲಿನ ಅಲಂಕಾರ. ನೋಡಲು ಯೋಗ್ಯವಾಗಿಸುವುದು ನಡುವಿರುವ ಈ ಸತ್ಯ.

ರಜೆ ಮುಗಿದಾಗ ಮಗುವನ್ನು ಬಿಟ್ಟುಬರಲು ನಾನೇ ಹೊರಟೆ. ಕಲ್ಲಟ್ಟಿಯ ೩೬ ತಿರುವುಗಳನ್ನು ಹತ್ತಿ ಉದಕಮಂಡಲ ಸೇರುವಷ್ಟರಲ್ಲಿ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಕೊಯಮತ್ತೂರಿನಲ್ಲಿ ಮಗಳು ಬಾಗಿಲು ತೆರೆದಾಗ ಒಂದೂ ನೆನಪಾಗಲಿಲ್ಲ. "ಒಳಗೆ ಬನ್ನಿ ಅಪ್ಪಾ" ಎಂದಳು, ಹೋದೆ.

ವಾಚಕರಲ್ಲಿ ನನ್ನದೊಂದೇ ಬಿನ್ನಹ. ಇಂಥದ್ದನ್ನು ಮಕ್ಕಳ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಜೊತೆಯಲ್ಲಿ ಕುಳಿತು ನೋಡಿ, ಕಥೆಯನ್ನು ಅವರಿಂದಲೇ ಕನ್ನಡದಲ್ಲಿ ಹೇಳಿಸಿ. ಆಡುವ ಮಾತು ಅವರದಾದರೂ ಕೆಲವೊಮ್ಮೆ ಅದು ನಮಗಾಗಿಯೇ ಇರುತ್ತದೆ.